ಎಡಗೈಯ ಮೀನುಕತ್ತಿ

ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಮಗ ಪ್ರವೀಣ ನನ್ನ ಮೀನುಕತ್ತಿಯನ್ನು ತಂದು ಪಕ್ಕದಲ್ಲಿಟ್ಟ. ಥಳಥಳ ಹೊಳೆಯುತ್ತಿತ್ತು.

“ನಮ್ಮ ಮಕರಪುರದ ಫ್ಯಾಕ್ಟರಿಯಲ್ಲಿ ಪಾಲಿಶ್ ಮಾಡ್ಸಿದೆ. ಹ್ಯಾಂಗಿತ್ತ್ ಅಮ್ಮ?”

“ಮದುಮಗಳ ಹಾಂಗಿತ್ತ್. ನಿನ್ನ ಅಜ್ಜನ ಗುರುತು ಎಲ್ಲಿ ಹೋಯ್ತಾ?”

ಅಲಗನ್ನು ತಿರುಗಿಸಿ ತಿರುಗಿಸಿ ನೋಡಿದ. ನನ್ನ ಅಪ್ಪ ಉಳಿಯಿಂದ ಹೊಡೆದಿದ್ದ ಮೂರು ಗೆರೆ ತುಕ್ಕಿನ ಜೊತೆಗೇ ಸವೆದುಹೋಗಿತ್ತು.

ಸೂರತ್‌ನಲ್ಲಿ ಕೃಷ್ಣರಾಜ ಎಂಬವರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಕಡೆಯವರೇ. ಹಳೆಯ ಮೀನುಕತ್ತಿ ಕೂಡಿಸಿಡುವ ಹುಚ್ಚು ಅವರಿಗೆ. ಇದನ್ನು ಕೊಳ್ಳಬೇಕಾದರೆ ಮಾಡಿದವರು ಯಾರು, ಎಷ್ಟು ವರ್ಷದ್ದು ಎಂದು ನಾನೇ ಬರೆದ ಕಾಗದ ಬೇಕಂತೆ. ದೀಪಾವಳಿಗೆ ಕೇಳಿದ್ದು, ಹೋಳಿಯೂ ಕಳೆಯಿತು.

“ನೂರು ವರ್ಷದ್ದು, ಮಾಡಿದ್ದ್ ಯಾರಂದ್ ಗೊತ್ತಿಲ್ಲ ಅಂತ ಬರಿ, ಸಾಕ್. ನೂರಾಗದಿದ್ರೆ ಅವ್ರು ತಕಂಬುದಿಲ್ಲ. ಆ ದುಡ್ಡಲ್ಲಿ ಮಗು ನೋಡೂಕೆ ಜನ ಇಡ್ತೆ. ನಿನ್ನ ಊರಿಗೆ, ಗಂಗೊಳ್ಳಿಗೆ ಬಿಟ್ಟ್ ಬತ್ತೆ,” ಎಂದ ಪ್ರವೀಣ.

ಸೊಸೆಯ ಬಾಣಂತನಕ್ಕೆಂದು ಮೂರು ತಿಂಗಳಿಗೆ ಗುಜರಾತಿನ ವಡೋದರಕ್ಕೆ ಬಂದವಳು ನಾನು. ಆ ಮಗು ಈಗ ಶಾಲೆಗೆ ಹೋಗುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಕೆಲಸ. ನಾಲ್ಕನೆಯ ಮಹಡಿಯಲ್ಲಿ ನಾನೊಬ್ಬಳೇ. ಮೀನು ಸಸ್ಯಾಹಾರಿಗಳ ಈ ಸೊಸೈಟಿಯ ಗೇಟು ದಾಟುವಂತಿಲ್ಲ. ಪಾರಿವಾಳ ಬಾರದಿರಲೆಂದು ಬಾಲ್ಕನಿಗೆ ಬಲೆ ಕಟ್ಟಿಸಿದ್ದಾರೆ, ಬಂಗಡೆ ಹಿಡಿಯುವಷ್ಟು ಗಟ್ಟಿ. ಅದರ ಒಳಗೆ ನಿಂತು ರಸ್ತೆ ನೋಡುತ್ತೇನೆ.

ಪ್ರವೀಣ ಡ್ಯೂಟಿಗೆ ಹೋದ ಮೇಲೆ ಪೆನ್ನು ಹಿಡಿದೆ. ‘ನೂರು’ ಎಂದು ಬರೆದೆ. ನೂರು ವರ್ಷದ ಹಿಂದೆ ಅಪ್ಪ ಹುಟ್ಟಿಯೇ ಇರಲಿಲ್ಲ. ಗುರುತು ಮಗ ಅಳಿಸಿದ, ಹೆಸರು ನಾನು ಅಳಿಸಬೇಕೇ?

ಕತ್ತಿಯನ್ನು ಬಲಗೈಯಲ್ಲಿ ಹಿಡಿದು ಒಂದು ಆಲೂಗೆಡ್ಡೆ ಕೊಯ್ದೆ, ಓರೆಯಾಗಿ ವಾಲಿತು. ಎಡಗೈಗೆ ಬದಲಿಸಿದೆ, ನೆಟ್ಟಗೆ ಇಳಿಯಿತು. ಈ ಎಡಗೈಯ ಗುಣ ಪಾಲಿಶ್‌ಗೆ ಸಿಕ್ಕಿರಲಿಲ್ಲ.

ಬೇರೆ ಹಾಳೆ ತೆಗೆದೆ.

‘ಮಾಡಿದವರು ನನ್ನ ಅಪ್ಪ, ಗಂಗೊಳ್ಳಿಯ ಕಮ್ಮಾರ ಸುಬ್ಬರಾಯ ಆಚಾರಿ. ಬಂದರಿನ ದಕ್ಕೆಯಲ್ಲಿ ಮೀನು ಸೀಳುತ್ತಿದ್ದ ನನ್ನ ಅಮ್ಮನಿಗಾಗಿ ಮಾಡಿದ್ದು. ಅವಳದು ಎಡಗೈ, ಅದಕ್ಕೇ ಬಾಯಿ ಎಡಮೈಯಲ್ಲಿ ಮಾತ್ರ ಮಸೆದದ್ದು. ಉಕ್ಕು ಲಾರಿಯ ಸ್ಪ್ರಿಂಗ್ ಪಟ್ಟಿಯದು. ಹಿಡಿಯ ಹತ್ತಿರದ ಅರ್ಧ ತೂತು ಅದರ ಬೋಲ್ಟಿನದು. ಕುಲುಮೆಯ ತಿದಿ ಒತ್ತಿದವಳು ನಾನು. ಅರವತ್ತು ವರ್ಷ ಆಗಿರಬಹುದು. ನೂರಾಗಿಲ್ಲ.’

ಪ್ರವೀಣನ ಫೋನು ಬಂತು. “ಬರದ್ಯಾ?”

“ಬರ್ದೆ.”

“ನೂರು ಅಂತ ತಾನೇ?”

“ಅಜ್ಜನ ಹೆಸ್ರು ಬರ್ದೆ.”

“ಹಾಂಗಾರೆ ಇಲ್ಲೇ ಇರ್,” ಎಂದ. ಸಿಟ್ಟೇನೂ ಇರಲಿಲ್ಲ.

“ಇರ್ತೆ ಮಾರಾಯ,” ಎಂದೆ.

ಮಗು ಶಾಲೆಯಿಂದ ಬರುವ ಹೊತ್ತಾಗುತ್ತಿತ್ತು. ಬೇಗ ಬೇಗ ಕೃಷ್ಣರಾಜರ ವಿಳಾಸ ಬರೆದ ಲಕೋಟೆಗೆ ಅಂಟು ಹಚ್ಚಿ, ಚಪ್ಪಲಿ ಮೆಟ್ಟಿ ಕೆಳಗಿಳಿದೆ. ಗೇಟಿನಾಚೆಯ ಕೆಂಪು ಅಂಚೆ ಡಬ್ಬಿಯ ಬಾಯಲ್ಲಿ ಬೆರಳುಗಳು ಲಕೋಟೆಯನ್ನು ಸ್ವಲ್ಪ ಹೊತ್ತು ಹಿಡಿದೇ ಇದ್ದವು. ಆಮೇಲೆ ಬಿಟ್ಟವು.