ಬಾಗಿಲ ಬಳಿ ಮಾತ್ರ ಸಿಗ್ನಲ್ಲು

ಬೀಗ ಮಾರುವವರ ಕಚೇರಿ ಅಂದಮೇಲೆ ವೈಫೈ ರೂಟರಿಗೂ ಬೀಗ ಬಿದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಯಜಮಾನರು ಅದನ್ನು ತಮ್ಮ ಕೋಣೆಯ ಕಬ್ಬಿಣದ ಬೀರುವಿನೊಳಗಿಟ್ಟು, ತಂತಿಗೆಂದು ಹಿಂಬದಿಗೆ ಒಂದು ತೂತು ಕೊರೆಸಿ, ಬೀಗದ ಕೈಯನ್ನು ಜೇಬಿಗೆ ಸೇರಿಸಿದ್ದರು. ಕಬ್ಬಿಣದ ಒಳಗಿಂದ ಸಿಗ್ನಲ್ ಹೊರಬರುವುದು ಕಷ್ಟ ಎಂದು ಯಾರೋ ಹೇಳಿನೋಡಿದರಂತೆ. ಕಳ್ಳನಿಗೆ ಒಳಹೋಗುವುದೂ ಕಷ್ಟವೇ ಎಂದು ಯಜಮಾನರು ಅವರ ಬಾಯಿ ಮುಚ್ಚಿಸಿದರಂತೆ. ಅಲ್ಲಿಗೆ ವಿಜ್ಞಾನದ ಮಾತು ಮುಗಿಯಿತು.

ಉಳಿದವರ ಹೊಸ ಲ್ಯಾಪ್‌ಟಾಪುಗಳು ಸೋರಿ ಬಂದಷ್ಟರಲ್ಲೇ ಹೇಗೋ ಕಾಲ ಹಾಕುತ್ತಿದ್ದವು. ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಲೆಕ್ಕಣ್ಣನಿಗೆ ಸಿಕ್ಕಿದ್ದು ಮಾತ್ರ ಮೂವರ ಕೈ ದಾಟಿ ಬಂದ ಮುದಿ ಯಂತ್ರ. ಅವನಿನ್ನೂ ತಾತ್ಕಾಲಿಕ ನೌಕರ. ತಾತ್ಕಾಲಿಕದವರಲ್ಲಿ ಒಬ್ಬರನ್ನು ಈ ವರ್ಷ ಕಾಯಂ ಮಾಡುತ್ತೇವೆ, ಉಳಿದವರು ಬೇರೆ ದಾರಿ ನೋಡಿಕೊಳ್ಳಲಿ ಎಂದು ಯಜಮಾನರು ಸಾರಿದ್ದರು. ಮನೆಯಲ್ಲಿ ಹೆಂಡತಿ ತುಂಬು ಬಸುರಿ.

ಮೂಲೆಯ ಅವನ ಮೇಜಿನಲ್ಲಿ ಒಂದು ಗೆರೆ ಸಿಗ್ನಲ್ಲೂ ಇಲ್ಲ. ಯಂತ್ರವನ್ನು ರಟ್ಟಿನ ಪೆಟ್ಟಿಗೆಯ ಮೇಲೇರಿಸಿದ, ಅತ್ತ ತಿರುಗಿಸಿದ, ಇತ್ತ ತಿರುಗಿಸಿದ, ಆರಿಸಿ ಹೊತ್ತಿಸಿದ, ಸಾಫ್ಟ್‌ವೇರ್ ಹೊಸದು ಮಾಡಿದ. ಅದು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅದನ್ನು ಎತ್ತಿಕೊಂಡು ಕಚೇರಿಯೆಲ್ಲ ಅಲೆದಾಗ ಯಜಮಾನರ ಬಾಗಿಲ ಬಳಿಯ ಸ್ಟೂಲಿನ ಮೇಲೆ ಸಿಗ್ನಲ್ಲು ಭರ್ತಿಯಾಗಿ ಬಂತು. ಅಲ್ಲೇ ಠಿಕಾಣಿ ಹೂಡಿದ.

ಯಜಮಾನರು ಬಾಗಿಲು ತೆರೆದಾಗಲೆಲ್ಲ ಕಣ್ಣಿಗೆ ಬೀಳುವವನು ಅವನೇ. ಹುಡುಗನಿಗೆ ಎಂಥ ನಿಷ್ಠೆ ಎಂದು ಅವರು ಬಂದವರ ಮುಂದೆಲ್ಲ ಕೊಂಡಾಡತೊಡಗಿದರು. ಜೊತೆಯವರಿಗೆ ಹೊಟ್ಟೆ ಉರಿಯಿತು. ಚಾಡಿ ಹೇಳಲಿಕ್ಕೇ ಅಲ್ಲಿ ಕೂತಿದ್ದಾನೆಂದು ಗುಲ್ಲೆದ್ದಿತು. ಮಾರಾಟದ ಕಡೆಯ ತಾತ್ಕಾಲಿಕ ನೌಕರ, ಗುಂಗುರು ಕೂದಲಿನಿಂದಾಗಿ ಗುಂಗುರ ಎಂದೇ ಹೆಸರಾದವನು, ಲೆಕ್ಕಣ್ಣ ಚಹಾಕ್ಕೆ ಬಂದರೆ ತುಟಿಗೆ ಬೆರಳಿಟ್ಟು ಎಲ್ಲರನ್ನೂ ನಗಿಸುತ್ತಿದ್ದ. ಲೆಕ್ಕಣ್ಣನಿಗೆ ಅವಮಾನದಿಂದ ಮುಖ ಎತ್ತಲಾಗುತ್ತಿರಲಿಲ್ಲ. ಕಾಯಂ ಆಗಬೇಕಾದವನಿಗೆ ಇರಬಾರದ ಕಾಯಿಲೆ ಅದು.

ಹಳೆಯ ಲ್ಯಾಪ್‌ಟಾಪಿನ ಒಳಗಿರುವ ವೈಫೈ ಕಾರ್ಡೇ ದುರ್ಬಲ, ಹೊರಗಿನಿಂದ ಒಂದು ಸಿಕ್ಕಿಸಿದರೆ ಸಾಕು ಎಂದು ಅವನು ಎಲ್ಲೋ ಓದಿದ. ಪುಟ್ಟ ಆಂಟೆನಾ ಇರುವ ಯುಎಸ್‌ಬಿ ಅಡಾಪ್ಟರ್ ಒಂದನ್ನು ಸ್ವಂತ ದುಡ್ಡಿನಲ್ಲೇ ತಂದ. ಅದಕ್ಕೊಂದು ಉದ್ದದ ಕೇಬಲ್ ಜೋಡಿಸಿ, ಯಜಮಾನರ ಕೋಣೆಯ ಕಡೆ ಮುಖ ಮಾಡಿ ಕಿಟಕಿಯ ಸರಳಿಗೆ ಕಟ್ಟಿದ. ಮೂಲೆಯ ಮೇಜಿನಲ್ಲೇ ಸಿಗ್ನಲ್ಲು ತುಂಬಿ ಬಂತು. ಸಂಜೆಯವರೆಗೆ ಎಳೆಯುತ್ತಿದ್ದ ಕೆಲಸ ಊಟದ ಹೊತ್ತಿಗೇ ಮುಗಿಯಿತು. ಲೆಕ್ಕಣ್ಣನಿಗೆ ಆದ ಖುಷಿ ಅಷ್ಟಿಷ್ಟಲ್ಲ. ತಾನು ಅಲ್ಲಿ ಕೂತದ್ದು ಸಿಗ್ನಲ್ಲಿಗಾಗಿ, ಚಾಡಿಗಾಗಿ ಅಲ್ಲ ಎಂದು ಎಲ್ಲರಿಗೂ ಅಡಾಪ್ಟರ್ ತೋರಿಸಿ ತಿಳಿಹೇಳಿದ.

ಗುಂಗುರ ಎಲ್ಲವನ್ನೂ ಗಮನವಿಟ್ಟು ಕೇಳಿದ.

"ಹಂಗಾದ್ರೆ ಆ ಸ್ಟೂಲು ಈಗ ಖಾಲಿನಾ?" ಎಂದ.

ಮರುದಿನ ಬೆಳಗ್ಗೆ ಗುಂಗುರನ ಹೊಚ್ಚಹೊಸ ಲ್ಯಾಪ್‌ಟಾಪಿಗೆ ಇದ್ದಕ್ಕಿದ್ದಂತೆ ಸಿಗ್ನಲ್ ಸಿಗದೇ ಹೋಯಿತು. ಪಾಪ, ಏನು ಮಾಡಿಯಾನು? ಬಾಗಿಲ ಬಳಿ ಹೋಗಿ ಕೂತ. ಮೂಲೆಯಲ್ಲಿ ಲೆಕ್ಕಣ್ಣ ತಲೆ ತಗ್ಗಿಸಿ ದುಡಿದ. ಅವನ ಲೆಕ್ಕದಲ್ಲಿ ಒಂದು ತಪ್ಪೂ ಬರಲಿಲ್ಲ. ಬಂದಿದ್ದರೆ ಯಜಮಾನರಿಗೆ ಅವನ ನೆನಪಾದರೂ ಆಗುತ್ತಿತ್ತು.

ವರ್ಷದ ಕೊನೆಗೆ ಅವರು ಅವನನ್ನು ಒಳಗೆ ಕರೆದರು. ಕೂರಿಸಿದರು, ನೀರು ತರಿಸಿದರು, ಕೆಲಸವನ್ನು ಬಾಯ್ತುಂಬ ಹೊಗಳಿದರು. ಹೊಗಳಿಕೆ ಉದ್ದವಾದಷ್ಟೂ ಲೆಕ್ಕಣ್ಣನ ಆಸೆ ಕುಗ್ಗುತ್ತ ಹೋಯಿತು.

"ಕಾಯಂ ಆಗಿರೋದು ಗುಂಗುರ," ಎಂದರು ಕೊನೆಗೆ. "ನಿಂಗೇನಪ್ಪ, ಯಾವ ಮೂಲೇಲಿ ಕೂತ್ರೂ ಕೆಲಸ ನಡೆಯುತ್ತೆ. ಅವನಿಗೆ ನನ್ನ ಬಾಗಿಲು ಬಿಟ್ರೆ ಬೇರೆ ಗತಿ ಇಲ್ಲ."

ಹೆಂಡತಿಗೆ ಏನು ಹೇಳಲಿ ಎಂದುಕೊಳ್ಳುತ್ತ ಲೆಕ್ಕಣ್ಣ ಎದ್ದು ಬಂದು ಬಾಗಿಲು ತೆರೆದ. ಆ ಸದ್ದಿಗೆ ಹೊರಗೆ ಗುಂಗುರ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ದಡಬಡಿಸಿ ಎದ್ದು ನಿಂತ. ಬಂದವನು ಯಾರೆಂದು ನೋಡಿ ಮತ್ತೆ ಕೂತ.