ಬೀಗ ಹಾಕಿಟ್ಟ ಹೊಳೆಹುಳು

ಕೊಳಕೂರಿನ ಹೊಳೆದಂಡೆಯಲ್ಲಿ ಒಂದು ದೀಪದ ಕಂಬ. ಮುಂಜಾವಿನ ಬೆಳಕಿನಲ್ಲಿ ಅದರ ಬುಡಕ್ಕೆ ಗೇಣೆತ್ತರದ ಬಿಳಿಯ ಗುಡ್ಡೆ. ದೂರದಿಂದ ಯಾರೋ ಜೋಳದ ಅರಳು ಸುರಿದಂತೆ ಕಾಣುತ್ತದೆ. ಹತ್ತಿರ ಹೋದರೆ ಅರಳಲ್ಲ, ರೆಕ್ಕೆ: ಒಂದರ ಮೇಲೊಂದು ಒರಗಿದ, ಇಬ್ಬನಿಗೆ ಅಂಟಿಕೊಂಡ ಸಾವಿರಾರು ರೆಕ್ಕೆಗಳು. ಗಾಳಿ ನಿಂತಿದೆ. ಭೀಮಾ ಹೊಳೆಯೂ ನಿಂತಂತಿದೆ.

ಚಂದ್ರಾಮಪ್ಪ ಬೆನ್ನಿಗೆ ಸಿಂಪಡಣೆಯ ಪಂಪು ಏರಿಸಿಕೊಂಡು ಬಂದ. ಹಿಂದೆ ಹೆಂಡತಿ ಗೌರಾಬಾಯಿ. ದಂಡೆಯ ಮಗ್ಗುಲಲ್ಲೇ ಅವರ ತೊಗರಿ ಹೂವಿಗೆ ಬಂದಿತ್ತು. ನಿನ್ನೆ ಸಂಜೆ ನೀರಿನಿಂದ ಮೋಡದಂತೆ ಎದ್ದ ಹುಳುಗಳು ಕಾಯಿಕೊರಕದ ಪತಂಗಗಳೇ, ಇಂದು ಹೂವಿನ ಮೇಲೆ ತತ್ತಿ ಇಡುತ್ತವೆ ಎಂಬುದು ಅವನ ಗುಮಾನಿ. ನೀರಂಚಿನ ಹುಲ್ಲಿಗೆ ಹೊಡೆಯಲೆಂದು ಔಷಧದ ಸೀಸೆ ತೆರೆಯುವಾಗ, ಊರ ರೈತರಿಗೆ ಸಲಹೆ ನೀಡುವ ಕೃಷಿ ಸಖಿ ಸಂಘಮಿತ್ರಾ ಎದುರಾದಳು.

"ಸೀಸೆ ಮುಚ್ರಿ ಕಾಕಾ. ಇವು ತೊಗರಿ ಹುಳ ಅಲ್ಲ, ಹೊಳಿ ಹುಳ."

"ಹ್ವಾದ ವಾರ ಹುಳದ ಎಣ್ಣಿ ಕಮ್ಮಿ ಹೊಡೀರಿ ಅಂದಿ, ಈಗ ಹೊಡೀಲೇಬ್ಯಾಡ್ರಿ ಅಂತಿ. ಯಾವ ಕಂಪನಿ ಕಳಿಸ್ಯಾದ ನಿನ್ನ?"

"ಹೊಡೀಬ್ಯಾಡ್ರಿ ಅನ್ನೋರಿಗೆ ಯಾವ ಕಂಪನಿ ಪಗಾರ ಕೊಡ್ತದ್ರಿ?"

ಗೌರಾಬಾಯಿ ಸೆರಗಿನ ಮರೆಯಲ್ಲಿ ನಕ್ಕಳು. ಚಂದ್ರಾಮಪ್ಪ ನಗಲಿಲ್ಲ.

ಸಂಘಮಿತ್ರಾ ಒಂದು ಹುಳುವನ್ನು ಅಂಗೈಗೆ ಎತ್ತಿಕೊಂಡಳು. "ರೆಕ್ಕಿ ನೆಟ್ಟಗ ನಿಂತಾವ, ಹಿಂದ ಕೂದಲಂಥ ಬಾಲ ಅದ. ಕಾಯಿಕೊರಕದ ಪತಂಗ ದಪ್ಪ ಇರ್ತದ, ರೆಕ್ಕಿ ಮಡಚಿ ಕೂಡ್ತದ. ಇವು ತಿಂಗಳುಗಟ್ಲೆ ನೀರಿನ ತಳದಾಗ ಇದ್ದು, ರೆಕ್ಕಿ ಬಂದ ಮ್ಯಾಲೆ ಒಂದೆರಡು ದಿನಕ್ಕ ಸಾಯ್ತಾವ. ಏನೂ ತಿನ್ನೂದಿಲ್ಲ, ಕಚ್ಚೂದಿಲ್ಲ. ತತ್ತಿ ಇಡೋದೂ ನೀರಾಗೇ."

"ತಿನ್ನದ ಹುಳ ನಾ ಎಲ್ಲೂ ಕಂಡಿಲ್ಲ."

"ಇರ್ಲಿ. ಕೆಳಗ ಊರಿಗಿ ನೀರೆತ್ತೋ ಬಾವಿ ಅದ. ಇಲ್ಲಿ ಹೊಡದ ಎಣ್ಣಿ ನಿಮ್ಮ ನಳಕ್ಕೇ ಬರ್ತದ. ಜಯಮಾಲಾ ಹೆರಿಗಿಗಿ ಬಂದಾಳ, ಆಕಿಗಿ ಯಾವ ನೀರು ಕುಡಿಸ್ತೀರಿ?"

ಮಗಳ ಹೆಸರು ಬಂದೊಡನೆ ಗೌರಾಬಾಯಿಯ ನಗು ನಿಂತಿತು. "ಈಕಿ ಮಾತು ಖರೆ ಇದ್ರ ಏನ್ ಗತಿ?"

"ಸುಳ್ಳಿದ್ರ ತೊಗರಿ ಗತಿ?"

"ನಂಬಬ್ಯಾಡ್ರಿ," ಎಂದಳು ಸಂಘಮಿತ್ರಾ. "ನೀವೇ ಪರೀಕ್ಷಾ ಮಾಡ್ರಿ. ಒಂದ ದಿನ ತಡೀರಿ."

ಆ ಸಂಜೆ ಚಂದ್ರಾಮಪ್ಪ ಐದು ಜೀವಂತ ಹುಳುಗಳನ್ನು ತೊಗರಿಯ ಹೂಗೊಂಚಲಿನೊಂದಿಗೆ ಗಾಜಿನ ಭರಣಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿದ. ಸಂಘಮಿತ್ರಾ ಬಂದು ಬದಲಿಸಿಯಾಳೆಂದು ಅದನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

"ಹುಳಕ್ಕ ಕೀಲಿ ಹಾಕಿದ ಗಂಡಸ್ನ ನಾ ಇನ್ನೂ ನೋಡಿದ್ದಿಲ್ಲ," ಎಂದಳು ಗೌರಾಬಾಯಿ.

ಮರುದಿನ ಮಧ್ಯಾಹ್ನ ಟ್ರಂಕು ತೆರೆದಾಗ ಐದೂ ಸತ್ತಿದ್ದವು. ಹೂವಿನ ಒಂದು ಪಕಳೆಗೂ ಗಾಯವಿರಲಿಲ್ಲ. ಚಂದ್ರಾಮಪ್ಪ ಕನ್ನಡಕ ಹಾಕಿಕೊಂಡು ಮತ್ತೆ ಮತ್ತೆ ನೋಡಿದ.

"ಕೀಲಿ ಹಾಕಿದ್ದಕ್ಕ ಉಸಿರುಗಟ್ಟಿ ಸತ್ತಾವ."

"ಕಂಬದ ಬುಡಕ್ಕ ಸತ್ತವಕ್ಕ ಯಾರು ಕೀಲಿ ಹಾಕಿದ್ರಪ್ಪಾ?" ಒಳಗಿನಿಂದ ಜಯಮಾಲಾ ಕೇಳಿದಳು.

ಅವನು ಸಂಘಮಿತ್ರಾಳನ್ನು ಕರೆಸಿ, ಹೊಲಕ್ಕೆ ನಡೆದ. ಹೊಳೆಗೆ ಹತ್ತಿರದ ಸಾಲಿನಲ್ಲಿ ತಾಡಪತ್ರಿ ಹಾಸಿ, ತನ್ನ ತಂದೆ ಮಾಡುತ್ತಿದ್ದಂತೆ ತೊಗರಿ ಗಿಡಗಳನ್ನು ಹಿಡಿದು ಅಲುಗಾಡಿಸಿದ. ಹಳದಿ ಪಕಳೆಗಳು ಉದುರಿದವು. ಕಾಯಿಕೊರಕದ ಕೀಡೆ ಒಂದೂ ಬೀಳಲಿಲ್ಲ. ಸಂಜೆ ಮನೆಗೆ ಮರಳಿ, ಸೀಸೆಯ ಮುಚ್ಚಳ ಬಿಗಿದು, ಕೈಗೆಟುಕದ ಗೋಡೆಗೂಡಿನಲ್ಲಿಟ್ಟ.

ಭೀಮೆ, ಅಮರ್ಜೆಯ ದಂಡೆಯ ಬಂಧುಗಳೇ, ಹೊಳೆಹುಳು ಎದ್ದಾಗ ನೀರಿನ ಬಳಿ ಔಷಧ ಹೊಡೆಯಬೇಡಿ. ಪಂಪನ್ನೂ ಹೊಳೆಯಲ್ಲಿ ತೊಳೆಯಬೇಡಿ. ಬೆಳೆಗೆ ಕೀಡೆ ಬಿದ್ದಿದೆಯೇ ಎಂಬುದನ್ನು ಗಿಡವನ್ನೇ ಅಲುಗಾಡಿಸಿ ಕೇಳಿ. ಹುಳು ಬೆಳಕಿಗೆ ಮುತ್ತುವುದರಿಂದ ಸಂಜೆ ಅಂಗಳದ ದೀಪ ಸ್ವಲ್ಪ ಹೊತ್ತು ಆರಿಸಿ. ಸತ್ತ ಹುಳು ಹಾಸಿದ ರಸ್ತೆ ಜಾರುತ್ತದೆ, ಗಾಡಿ ನಿಧಾನವಿರಲಿ. ಅನುಮಾನ ಬಂದರೆ ಒಂದು ದಿನ ತಡೆದು ನೋಡಿ. ನಿಮಗಿನ್ನೂ ಅನುಮಾನ ಉಳಿದಿದ್ದರೆ, ಚಂದ್ರಾಮಪ್ಪನಿಗೂ ಒಂದು ಉಳಿದಿತ್ತು.

ಚಹಾ ಕುಡಿದು ಹೊರಟ ಸಂಘಮಿತ್ರಾಳನ್ನು ಅವನು ಹೊಸ್ತಿಲಲ್ಲಿ ತಡೆದ.

"ಖರೇ ಹೇಳು. ಇದರಾಗ ನಿನಗೇನು ಸಿಗ್ತದ?"

"ನಮ್ಮ ಮನಿ ನಳಕ್ಕೂ ಅದೇ ನೀರು ಬರ್ತದ್ರಿ ಕಾಕಾ."

ಅವಳು ಮೆಟ್ಟಿಲಿಳಿದು ನಡೆದಳು. ಗೌರಾಬಾಯಿ ಮೆಲ್ಲನೆ ಬಾಗಿಲು ಮುಚ್ಚಿದಳು.