ಸಕ್ಕರೆ ಇತ್ತಂತೆ

"ಒಂದೇ ಒಂದು ಸಲ ಮುಖ ತೋರಿಸಪ್ಪ," ಎನ್ನುತ್ತ ಅವಳು ವ್ಯಾನಿನ ಹಿಂಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು.

ಅಡಿಯಿಂದ ಮುಡಿಯವರೆಗೆ ಬಿಳಿ ಪ್ಲಾಸ್ಟಿಕ್ ತೊಟ್ಟಿದ್ದ ಚಾಲಕ ಅಡ್ಡ ನಿಂತ. "ಆಗಲ್ಲಮ್ಮ. ಆಸ್ಪತ್ರೆಯವರೇ ಪೆಟ್ಟಿಗೆ ಸೀಲ್ ಮಾಡಿದಾರೆ. ಇಲ್ಲಿ ನಿಲ್ಲಿಸಿದ್ದೇ ನಂದು ತಪ್ಪು. ಏನಾದ್ರೂ ಹೇಳೋದಿದ್ರೆ ಬಾಗಿಲ ಹತ್ರ ನಿಂತು ಹೇಳ್ಬಿಡಿ."

ಅವಳಿಗೆ ಗಂಡನೊಂದಿಗೆ ಆಡುವ ಮಾತೇನೂ ಬಾಕಿ ಇರಲಿಲ್ಲ. ಆಡಬೇಕಾದದ್ದು ಬೇರೆಯವರ ಹತ್ತಿರ.

ಗಲ್ಲಿಯ ಜನ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಮೆಟ್ಟಿಲುಗಳ ಮೇಲೆ ನಿಂತಿದ್ದರು. ಪೆಟ್ಟಿಗೆಯಲ್ಲಿದ್ದವನನ್ನು ಅವರೆಲ್ಲ 'ಮೇಲ್ಕೆಳಗಣ್ಣ' ಎಂದೇ ಕರೆಯುತ್ತಿದ್ದರು. ಪೇಟೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಅವನು ಲಿಫ್ಟ್ ನಡೆಸುತ್ತಿದ್ದ.

"ಸಕ್ಕರೆ ಇತ್ತಂತೆ," ಎದುರುಮನೆಯ ದರ್ಜಿ ತನ್ನ ಹೆಂಡತಿಗೆ ಹೇಳಿದ. "ಮೈಯೂ ಭಾರ. ವಯಸ್ಸೂ ಆಗಿತ್ತು. ಇಂಥೋರಿಗೇ ಅಂತೆ ಈ ರೋಗ ಜೋರಾಗೋದು."

"ಹಂಗಾದ್ರೆ ನಮಗೇನೂ ಭಯ ಇಲ್ಲ ಬಿಡಿ." ಆಕೆಯ ದನಿಯಲ್ಲಿ ನೆಮ್ಮದಿಯಿತ್ತು.

ವ್ಯಾನಿನ ಬಳಿಯಿದ್ದ ಅವಳು ಗಕ್ಕನೆ ತಿರುಗಿದಳು. "ಏನಂದ್ರಿ? ಸಕ್ಕರೆ ಇದ್ದೋರೇನು ಸಾಯೋಕೆ ಸಾಲಲ್ಲಿ ನಿಂತಿರ್ತಾರಾ? ಮಗಳು ಹುಟ್ಟೋಕೆ ಮುಂಚಿಂದ ಇತ್ತು. ಮಾತ್ರೆ ನುಂಗ್ಕೊಂಡು, ದುಡ್ಕೊಂಡು, ನಿಮ್ಮನೆ ಮದುವೇಲಿ ಎಲ್ಲರಿಗಿಂತ ಜಾಸ್ತಿ ಕುಣಿದಿದ್ದು ಇವರೇ ಅಲ್ವಾ?"

"ಅತ್ತಿಗೆ, ಬಿಡಿ," ಮೈದುನ ಅವಳ ತೋಳು ಹಿಡಿದ. "ಆಡೋರ ಬಾಯಿಗೆ ಬೀಗ ಹಾಕೋಕಾಗುತ್ತಾ?"

"ನಾನು ಯಾಕೆ ಹಾಕ್ಕೊಳ್ಳಲಿ ಹಾಗಾದ್ರೆ?"

*

ಆ ಲಿಫ್ಟ್ ಹಳೇ ಕಾಲದ್ದು. ಹಿಡಿಕೆ ತಿರುಗಿಸಿ, ಮಹಡಿಯ ಮಟ್ಟಕ್ಕೆ ಸರಿಯಾಗಿ ತಂದು ನಿಲ್ಲಿಸಬೇಕು. ಒಳಗೆ ಒಂದು ಸ್ಟೂಲು, ಮೇಲೆ ತಿರುಗುವುದನ್ನು ಮರೆತ ಫ್ಯಾನು. ಗಿರಾಕಿಗಳು ಚೀಲಗಳ ಸಮೇತ ನುಗ್ಗಿದರೆ ಅವನ ಹೊಟ್ಟೆಗೂ ಬಾಗಿಲಿಗೂ ನಡುವೆ ಗಾಳಿ ಹೋಗಲೂ ಜಾಗವಿರುತ್ತಿರಲಿಲ್ಲ. "ನನ್ನಷ್ಟು ಏಳುಬೀಳು ಕಂಡೋನು ಈ ಊರಲ್ಲೇ ಇಲ್ಲ," ಎಂದು ಹೇಳಿ ಅವರನ್ನು ನಗಿಸುತ್ತಿದ್ದ. ಅಳುವ ಮಕ್ಕಳ ಕೈಗೆ ಹಿಡಿಕೆ ಕೊಟ್ಟು, ಮೇಲೆ ತನ್ನ ಕೈಯಿಟ್ಟು, "ಈಗ ನೀನೇ ಡ್ರೈವರ್ರು" ಎನ್ನುತ್ತಿದ್ದ.

ರೋಗ ಊರಿಗೆ ಬಂದಾಗ ಗಾಡಿಯೊಂದು ಮೈಕಿನಲ್ಲಿ ಕೂಗುತ್ತ ಹೋಯಿತು: ಸಕ್ಕರೆ ಕಾಯಿಲೆ ಇರುವವರು, ತೂಕ ಹೆಚ್ಚಿರುವವರು, ವಯಸ್ಸಾದವರು ಗಾಳಿಯಾಡದ ಜಾಗಗಳಿಂದ ದೂರವಿರಿ. ಮರುದಿನವೇ ಅವನು ಮ್ಯಾನೇಜರ ಮುಂದೆ ನಿಂತ.

"ಸಾರ್, ಇದು ತಣ್ಣಗಾಗೋವರೆಗೂ ನನ್ನನ್ನ ಗೇಟಿಗೆ ಹಾಕಿ. ಸಕ್ಕರೆ ಇದೆ ನಂಗೆ."

"ಲಿಫ್ಟ್ ನಾನು ನಡೆಸ್ಲಾ?"

"ನಿಲ್ಸಿಬಿಡಿ ಸಾರ್. ಜನ ಮೆಟ್ಟಿಲು ಹತ್ತಲಿ."

"ಮೆಟ್ಟಿಲು ಹತ್ತಿಸೋ ಅಂಗಡಿಗೆ ಯಾವ ಗಿರಾಕಿ ಬರ್ತಾನಯ್ಯ? ಮಾಸ್ಕ್ ಹಾಕ್ಕೊಂಡು ಕೂತ್ಕೋ, ಹೋಗು."

ಸಂಜೆ ಹೆಂಡತಿಗೆ ಇದನ್ನು ಹೇಳುವಾಗಲೂ ಅವನು ನಗಿಸಲು ನೋಡಿದ. "ಮೇಲಿನೋರ ಮಾತು ಕೆಳಗಿನೋರು ಕೇಳ್ಬೇಕಲ್ವೇನೇ." ಅವಳು ನಗಲಿಲ್ಲ.

*

ಜ್ವರ ಬಂತು, ಕೆಮ್ಮು ಬಂತು. ಅದರ ಹಿಂದೆಯೇ ಮ್ಯಾನೇಜರ ಫೋನೂ ಬಂತು.

"ಪರೀಕ್ಷೆ ಗಿರೀಕ್ಷೆ ಅಂತ ಆಸ್ಪತ್ರೆಗೆ ಹೋಗ್ಬೇಡ. ಗೊತ್ತಾದ್ರೆ ಅಂಗಡಿಗೆ ಬೀಗ ಜಡೀತಾರೆ. ನಿನ್ನೊಬ್ಬನಿಂದ ಎಲ್ಲರ ಅನ್ನಕ್ಕೆ ಕಲ್ಲು ಬೀಳುತ್ತೆ. ಮಾತ್ರೆ ತಗೊಂಡು ತೆಪ್ಪಗೆ ಮಲಗು."

ಅವನು ಫೋನು ಹಿಡಿದೇ ಆಗಲಿ ಎಂದು ತಲೆಯಾಡಿಸಿದ.

ಕೆಲವು ದಿನದಲ್ಲಿ ಜ್ವರ ಇಳಿಯಿತು. ಗೆದ್ದೆವು ಅಂದುಕೊಂಡರು. ಆದರೆ "ಏದುಸಿರೇನೂ ಇಲ್ಲ" ಎಂಬ ಎರಡು ಮಾತಿನ ನಡುವೆಯೂ ಅವನು ನಿಂತು ಉಸಿರೆಳೆದುಕೊಳ್ಳುತ್ತಿದ್ದ. ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದ. "ಸುಸ್ತು ಅತ್ತಿಗೆ, ಮಲಗ್ಲಿ ಬಿಡಿ," ಎಂದ ಮೈದುನ. ಒಂದು ಬೆಳಿಗ್ಗೆ ಅವನು ಎದೆ ಒತ್ತಿಕೊಂಡು, "ಯಾರೋ ಮೇಲೆ ಕೂತ ಹಾಗಿದೆ ಕಣೇ," ಎಂದ. ಅವಳು ಕಿಟಕಿಯ ಪರದೆ ಸರಿಸಿದಳು. ಬೆಳಕಿನಲ್ಲಿ ಅವನ ತುಟಿ ಶಾಯಿ ಮೆತ್ತಿದವನ ತುಟಿಯಂತಿತ್ತು. ಉಗುರುಗಳೂ ಹಾಗೇ. ಎಬ್ಬಿಸಿ ಕೂರಿಸಿದಾಗ ಅವಳನ್ನು ಗುರುತು ಸಿಗದವನಂತೆ ನೋಡಿ, ಬಹಳ ನಯವಾಗಿ ಕೇಳಿದ:

"ಎಷ್ಟನೇ ಮಹಡಿಗಮ್ಮಾ?"

ಆಮೇಲೆ ಅವಳು ಯಾರ ಮಾತನ್ನೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ವೈದ್ಯೆ ಅವನ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿ, ಅಂಕಿ ನೋಡಿದವಳೇ ಅವಳ ಮೇಲೆ ರೇಗಿದಳು. "ತುಟಿ ನೀಲಿ ಆಗೋವರೆಗೂ ಏನ್ ಮಾಡ್ತಿದ್ರಿ? ಸಕ್ಕರೆ ಇರೋರನ್ನ ಜ್ವರ ಬಂದ ತಕ್ಷಣ ಕರ್ಕೊಂಡು ಬರ್ಬೇಕು ಅಂತ ಗೊತ್ತಾಗಲ್ವಾ?"

ಅದಕ್ಕೆ ಉತ್ತರವಿತ್ತು. ಉತ್ತರ ಕೊಡಬೇಕಾದವನು ಅಲ್ಲಿರಲಿಲ್ಲ.

*

ಆ ಮ್ಯಾನೇಜರು ಈಗ ಬಂದ. ಕಾರು ಗಲ್ಲಿಯ ಆ ತುದಿಯಿಂದ ಒಳಬಂದು ವ್ಯಾನಿನ ಹಿಂದೆ, ಸ್ವಲ್ಪ ದೂರದಲ್ಲೇ ನಿಂತಿತು. ಅವನು ಇಳಿಯಲಿಲ್ಲ. ಗಾಜನ್ನು ಎರಡು ಬೆರಳಷ್ಟು ಇಳಿಸಿದ. ಅವಳು ಕಾರಿನ ಪಕ್ಕಕ್ಕೆ ಹೋಗಿ ನಿಂತಳು.

"ತುಂಬಾ ಬೇಜಾರಾಯ್ತಮ್ಮ. ಒಳ್ಳೇ ಮನುಷ್ಯ. ಏನ್ಮಾಡೋದು, ಮೊದಲೇ ಸಕ್ಕರೆ ಇತ್ತು..."

"ಇಳಿದು ಬನ್ನಿ ಸಾರ್. ಅವರ ಹತ್ರ ಒಂದ್ನಿಮಿಷ ನಿಂತ್ಕೊಳ್ಳಿ."

"ಇಲ್ಲಮ್ಮ, ಜನ ಇದಾರೆ. ನಂಗೆ ಬಿಪಿ ಇದೆ. ಗುಂಪಿಗೆ ಹೋಗ್ಲೇಬೇಡಿ ಅಂದಿದಾರೆ ಡಾಕ್ಟ್ರು."

ದರ್ಜಿ ತಲೆ ತಗ್ಗಿಸಿದ.

"ನಿಮಗೆ ಬಿಪಿ, ಅವರಿಗೆ ಸಕ್ಕರೆ," ಎಂದಳು ಅವಳು. "ನೀವು ನಿಮ್ಮ ಡಾಕ್ಟ್ರ ಮಾತು ಕೇಳಿದ್ರಿ. ಅವರು ನಿಮ್ಮ ಮಾತು ಕೇಳಿದ್ರು."

ಗಾಜು ಮೇಲೇರಿತು.

ವ್ಯಾನು ಹೊರಟಿತು. ಅವಳು ಮಗಳ ಕೈ ಹಿಡಿದು ಅದರ ಹಿಂದೆ, ದಾರಿಯ ನಟ್ಟನಡುವೆ ನಡೆಯತೊಡಗಿದಳು. ಗಲ್ಲಿಯಲ್ಲಿ ಕಾರು ತಿರುಗಿಸಲು ಜಾಗವಿರಲಿಲ್ಲ. ಹಿಂದೆ ಆಗಲೇ ಇಟ್ಟಿಗೆ ಲಾರಿಯೊಂದು ಬಂದು ನಿಂತಿತ್ತು. ಕಾರು ಒಮ್ಮೆ ಹಾರ್ನ್ ಮಾಡಿತು. ಅವಳು ಪಕ್ಕಕ್ಕೆ ಸರಿಯಲಿಲ್ಲ. ಇನ್ನೊಮ್ಮೆ ಮಾಡಿತು. ಮೈದುನ ಬಂದು ಅವಳ ಎಡಕ್ಕೆ ನಡೆದ. ದರ್ಜಿ ಮೆಟ್ಟಿಲಿಳಿದು ಬಲಕ್ಕೆ ಬಂದ. ಅವನ ಹಿಂದೆ ಅವನ ಹೆಂಡತಿ, ಆಮೇಲೆ ಒಬ್ಬೊಬ್ಬರೇ, ಕೈಯಳತೆಯ ಅಂತರ ಬಿಟ್ಟು, ಗೋಡೆಯಿಂದ ಗೋಡೆಯವರೆಗೆ. ಕನ್ನಡಿಯಲ್ಲಿ ಅವರನ್ನು ಕಂಡ ವ್ಯಾನಿನ ಚಾಲಕ ವೇಗ ತಗ್ಗಿಸಿದ. ಗಾಜು ಏರಿಸಿದ ಕಾರು ಎಲ್ಲರಿಗಿಂತ ಹಿಂದೆ, ಅವಳ ಹೆಜ್ಜೆಯ ಲೆಕ್ಕದಲ್ಲಿ ತೆವಳುತ್ತ ಬರುತ್ತಿತ್ತು.